ಸಿಂಪ್ಯೂಟರಿನ ಪೂರ್ವಿಕರು

ಗದುಗಿನ ವೀರನಾರಾಯಣ ದೇವಸ್ಥಾನಕ್ಕೆ ಹೋದವರಿಗೆ ಅಲ್ಲಿಯ ಒಂದು ಕಲ್ಲುಕಂಬವನ್ನು ತೋರಿಸಿ, ಕುಮಾರವ್ಯಾಸನು ಭಾರತ ಬರೆದದ್ದು ಇದರ ಬುಡದಲ್ಲಿಯೇ ಎಂದು ಹೇಳುವ ವಾಡಿಕೆಯುಂಟು. ಕಂಬ ಕಲ್ಲಿನದು, ನಿಂತಿದೆ. ಭಾರತವೋ ತಾಳೆಯೋಲೆಯ ಕಾಲದ್ದು. ಓಲೆಗೆ ಹುಳ ಹತ್ತುತ್ತದೆ, ತೇವ ತಗಲುತ್ತದೆ, ಕೆಲವು ತಲೆಮಾರುಗಳಲ್ಲಿ ಅದು ಪುಡಿಯಾಗುತ್ತದೆ. ಹಾಗಿದ್ದೂ ಗದುಗಿನ ಭಾರತ ನಮ್ಮವರೆಗೆ ಬಂದುದು ಹೇಗೆ? ಓಲೆ ಸವೆಯುವ ಮೊದಲೇ ಯಾರೋ ಪುಣ್ಯಾತ್ಮರು ಅದನ್ನು ಮತ್ತೊಂದು ಓಲೆಗೆ ಇಳಿಸಿಕೊಂಡರು. ಓಲೆಯಿಂದ ಕಾಗದಕ್ಕೆ, ಕಾಗದದಿಂದ ಅಚ್ಚಿನ ಮೊಳೆಗೆ, ಕಡೆಗೆ ಗಮಕಿಗಳ ಕಂಠದಿಂದ ನಿಮ್ಮ ಮನೆಯ ರೇಡಿಯೋ ಪೆಟ್ಟಿಗೆಗೆ ಅದು ಬಂದು ತಲುಪಿತು. ಹೊತ್ತುಕೊಂಡಿದ್ದ ವಸ್ತು ಅಳಿಯಿತು, ಅದು ಹೊತ್ತಿದ್ದ ಮಾತು ಉಳಿಯಿತು.

ಇಂದು ನಿಮಗೆ ಹೇಳಬೇಕೆಂದಿರುವ ಇತಿಹಾಸವೂ ಈ ಬಗೆಯದೇ. ಆದರೆ ಇದು ಗಣಕಯಂತ್ರಗಳ ಇತಿಹಾಸ. ಅದರಲ್ಲಿಯೂ ಹೆಸರು ಮಾಡದೆ ಹೋದ ಕೆಲವು ಗಣಕಯಂತ್ರಗಳದು. ಹೆಸರು ಮಾಡದವರ ಕಥೆ ನಮಗೇಕೆ ಎನ್ನಬೇಡಿರಿ. ನಿಮ್ಮ ಕಿಸೆಯಲ್ಲಿ ಇರುವ ಮೊಬೈಲ್ ಫೋನನ್ನು ಒಮ್ಮೆ ಹೊರಗೆ ತೆಗೆದು ನೋಡಿರಿ. ಅದರೊಳಗೆ ಲೆಕ್ಕ ಮಾಡುವ ಚಿಪ್ಪು ‘ಆರ್ಮ್’ ಎಂಬ ಮನೆತನದ್ದು. ಆ ಚಿಪ್ಪಿನಿಂದ ಕೆಲಸ ತೆಗೆದುಕೊಳ್ಳುವ ವ್ಯವಸ್ಥೆ ‘ಯುನಿಕ್ಸ್’ ಎಂಬುದರ ವಂಶದ್ದು. ಇವೆರಡರ ಸಂಬಂಧ ಕೂಡಿದ್ದು ಯಾವ ಶ್ರೀಮಂತ ಕಂಪನಿಯ ಅಂಗಳದಲ್ಲಿಯೂ ಅಲ್ಲ. ಮಾರಾಟವಾಗದೆ ಮೂಲೆಗೆ ಸೇರಿದ ಯಂತ್ರಗಳಲ್ಲಿ. ಅಂಥ ಯಂತ್ರಗಳಲ್ಲಿ ಒಂದು ನಮ್ಮ ಬೆಂಗಳೂರಿನಲ್ಲಿಯೇ ಹುಟ್ಟಿತು.

ಮೊದಲು ಯುನಿಕ್ಸ್ ಎಂದರೇನೆಂಬುದನ್ನು ನೋಡೋಣ. ದೊಡ್ಡ ಮದುವೆಯ ಮನೆಯಲ್ಲಿ ಅಡಿಗೆಯವರು, ನೀರು ಹೊರುವವರು, ಬಡಿಸುವವರು ಎಲ್ಲರೂ ಇರುತ್ತಾರೆ. ಆದರೆ ಉಗ್ರಾಣದ ಕೀಲಿಕೈ ಸೊಂಟಕ್ಕೆ ಸಿಕ್ಕಿಸಿಕೊಂಡು, ಯಾರಿಗೆ ಯಾವಾಗ ಏನು ಕೊಡಬೇಕೆಂದು ನೋಡುವ ಹಿರಿಯರೊಬ್ಬರು ಇರದಿದ್ದರೆ ಎಲ್ಲವೂ ಗೊಂದಲವೇ. ಗಣಕಯಂತ್ರದಲ್ಲಿಯೂ ಚಿಪ್ಪು, ನೆನಪಿನ ಕೋಶ, ತೆರೆ, ಕೀಲಿಮಣೆಗಳ ನಡುವೆ ಇಂಥ ಹಿರಿತನ ಮಾಡುವ ಒಂದು ವ್ಯವಸ್ಥೆ ಬೇಕು. ಅದನ್ನೇ ಆಪರೇಟಿಂಗ್ ಸಿಸ್ಟಮ್ ಎನ್ನುತ್ತಾರೆ. ಯುನಿಕ್ಸ್ ಅಂಥದೊಂದು. ಅಮೇರಿಕದ ಬೆಲ್ ಪ್ರಯೋಗಶಾಲೆಯಲ್ಲಿ ೧೯೬೯ರಲ್ಲಿ ಕೆನ್ ಥಾಮ್ಸನ್, ಡೆನಿಸ್ ರಿಚಿ ಎಂಬ ಇಬ್ಬರು ಅದಕ್ಕೆ ಕೈಹಚ್ಚಿದರು. ಅವರಿಗೆ ದೊರೆತದ್ದು ಆಗಲೇ ಹಳೆಯದಾಗಿದ್ದ ಪಿಡಿಪಿ-೭ ಎಂಬ ಸಣ್ಣ ಯಂತ್ರ.

ಆ ಕಾಲದಲ್ಲಿ ಇಂಥ ವ್ಯವಸ್ಥೆಗಳನ್ನು ಆಯಾ ಯಂತ್ರದ ಸ್ವಂತ ಸಂಕೇತದಲ್ಲಿಯೇ ಬರೆಯುತ್ತಿದ್ದರು. ಯಂತ್ರ ಬದಲಾಯಿತೆಂದರೆ ಬರೆದುದೆಲ್ಲ ವ್ಯರ್ಥ. ಮತ್ತೆ ಮೊದಲಿನಿಂದ ಓನಾಮ. ೧೯೭೩ರಲ್ಲಿ ಥಾಮ್ಸನ್ ಮತ್ತು ರಿಚಿ ಬೇರೊಂದು ದಾರಿ ಹಿಡಿದರು. ರಿಚಿ ರೂಪಿಸಿದ ‘ಸಿ’ ಎಂಬ ಭಾಷೆಯಲ್ಲಿ ಯುನಿಕ್ಸನ್ನು ಹೊಸದಾಗಿ ಬರೆದರು. ‘ಸಿ’ ಭಾಷೆ ಯಾವ ಒಂದು ಯಂತ್ರಕ್ಕೂ ಅಂಟಿಕೊಂಡುದಲ್ಲ. ಅದರಲ್ಲಿ ಬರೆದುದನ್ನು ಬೇರೊಂದು ಯಂತ್ರದ ಸಂಕೇತಕ್ಕೆ ಇಳಿಸಬಲ್ಲ ಅನುವಾದಕ ಕ್ರಮವೊಂದನ್ನು ಸಿದ್ಧಪಡಿಸಿಕೊಂಡರೆ ಕೆಲಸದ ಬಹುಭಾಗ ಮುಗಿದಂತೆ. ೧೯೭೭ರಲ್ಲಿ ಆಸ್ಟ್ರೇಲಿಯದ ವೊಲೊಂಗಾಂಗ್ ಎಂಬ ಊರಿನ ವಿಶ್ವವಿದ್ಯಾಲಯದವರು ಇಂಟರ್‌ಡೇಟಾ ಎಂಬ ಬೇರೆ ಜಾತಿಯ ಯಂತ್ರಕ್ಕೆ ಯುನಿಕ್ಸನ್ನು ಇಳಿಸಿಯೇ ತೋರಿಸಿದರು. ಓಲೆಯಿಂದ ಓಲೆಗೆ ಪ್ರತಿ ಮಾಡುವ ಕೆಲಸ ಇಲ್ಲಿಂದ ಮೊದಲಾಯಿತೆನ್ನಬಹುದು.

ಇದಕ್ಕೆ ಇನ್ನೊಂದು ಅನುಕೂಲವೂ ಕೂಡಿಬಂದಿತು. ಬೆಲ್ ಪ್ರಯೋಗಶಾಲೆಯ ಒಡೆತನವಿದ್ದ ಟೆಲಿಫೋನ್ ಕಂಪನಿಯು ೧೯೫೬ರ ಒಂದು ನ್ಯಾಯಾಲಯದ ಒಪ್ಪಂದದಂತೆ ಗಣಕಯಂತ್ರದ ವ್ಯಾಪಾರಕ್ಕೆ ಇಳಿಯುವ ಹಾಗಿರಲಿಲ್ಲ. ಆದುದರಿಂದ ಯುನಿಕ್ಸಿನ ಮೂಲಪಾಠವನ್ನು ವಿಶ್ವವಿದ್ಯಾಲಯಗಳಿಗೆ ಅಲ್ಪಸ್ವಲ್ಪ ಬೆಲೆಗೆ ಕೊಟ್ಟುಬಿಟ್ಟರು. ಹುಡುಗರು ಅದನ್ನು ಓದಿದರು, ತಿದ್ದಿದರು, ಬೆಳೆಸಿದರು.

ಇತ್ತ ೧೯೭೧ರಲ್ಲಿ ಮೊದಲ ಮೈಕ್ರೋಪ್ರೊಸೆಸರ್ ಮಾರುಕಟ್ಟೆಗೆ ಬಂದಿತ್ತು. ಎಂದರೆ ಗಣಕದ ಲೆಕ್ಕ ಮಾಡುವ ಭಾಗವೆಲ್ಲ ಉಗುರಿನಷ್ಟು ಅಗಲದ ಒಂದು ಚಿಪ್ಪಿನಲ್ಲಿ ಅಡಗಿತ್ತು. ೧೯೮೦ರ ಹೊತ್ತಿಗೆ ಇಂಥ ಚಿಪ್ಪು ತಯಾರಿಸುವ ಕಂಪನಿಗಳು ಹಲವಾದವು. ಆಗ ಹೊಳೆದ ವಿಚಾರ ಇದು: ಒಂದು ಚಿಪ್ಪು ಕೊಳ್ಳೋಣ, ಸುತ್ತ ಒಂದು ಯಂತ್ರ ಕಟ್ಟೋಣ, ಯುನಿಕ್ಸನ್ನು ಅದಕ್ಕೆ ಇಳಿಸೋಣ. ಹಿಂದೆ ಕೋಣೆ ತುಂಬುತ್ತಿದ್ದ ಯಂತ್ರದ ಸಾಮರ್ಥ್ಯವನ್ನು ಒಬ್ಬ ಇಂಜಿನಿಯರನ ಮೇಜಿನ ಮೇಲೆ ಇಡೋಣ. ದೊಡ್ಡ ತೆರೆ, ಚಿತ್ರ ಬಿಡಿಸುವ ಶಕ್ತಿ, ಬೇರೆ ಯಂತ್ರಗಳೊಡನೆ ತಂತಿಯ ಸಂಪರ್ಕ ಇರುವ ಇಂಥ ಮೇಜಿನ ಯಂತ್ರಕ್ಕೆ ‘ವರ್ಕ್‌ಸ್ಟೇಶನ್’ ಎಂದು ಹೆಸರಾಯಿತು. ೧೯೮೨ರಲ್ಲಿ ಹುಟ್ಟಿದ ಸನ್ ಕಂಪನಿಯು ಮೋಟೊರೋಲಾದ ೬೮೦೦೦ ಎಂಬ ಚಿಪ್ಪನ್ನು ಆರಿಸಿಕೊಂಡು ಗೆದ್ದಿತು. ಆದರೆ ಆಗ ಕಣದಲ್ಲಿ ಇದ್ದವರು ಸನ್ ಒಬ್ಬರೇ ಅಲ್ಲ.

ಅವರಿಗೂ ಮೊದಲೇ, ೧೯೮೦ರಲ್ಲಿ, ಓನಿಕ್ಸ್ ಎಂಬ ಸಣ್ಣ ಕಂಪನಿ ಜೈಲಾಗ್ ಸಂಸ್ಥೆಯ ಝಡ್-೮೦೦೦ ಚಿಪ್ಪಿನ ಮೇಲೆ ಯುನಿಕ್ಸನ್ನು ಓಡಿಸಿತ್ತು. ಜೈಲಾಗಿನ ಸ್ಥಾಪಕ ಫೆಡೆರಿಕೊ ಫ್ಯಾಜಿನ್ ಸಾಮಾನ್ಯನಲ್ಲ. ಪ್ರಪಂಚದ ಮೊದಲ ಮೈಕ್ರೋಪ್ರೊಸೆಸರಿನ ನಿರ್ಮಾಣದ ಮುಂದಾಳು. ಅವನ ಹಿಂದಿನ ಝಡ್-೮೦ ಚಿಪ್ಪು ಜಗತ್ತನ್ನೇ ಸುತ್ತಿತ್ತು. ಆದರೆ ಝಡ್-೮೦೦೦ ತಡವಾಗಿ ಬಂದು ಹಿಂದೆ ಬಿದ್ದಿತು. ನ್ಯಾಶನಲ್ ಸೆಮಿಕಂಡಕ್ಟರ್ ಕಂಪನಿಯ ೩೨೦೧೬ ಎಂಬ ಚಿಪ್ಪಿನ ವಿನ್ಯಾಸವನ್ನು ಬಲ್ಲವರು ಇಂದಿಗೂ ಮೆಚ್ಚುತ್ತಾರೆ. ಆದರೆ ಅದರ ಮೊದಮೊದಲ ತಯಾರಿಕೆಗಳಲ್ಲಿ ದೋಷಗಳು ಹಲವಿದ್ದವು. ಅದನ್ನು ನಂಬಿ ಲಂಡನ್ನಿನ ಪೂರ್ವ ಭಾಗದ ವೈಟ್‌ಚಾಪೆಲ್ ಬಡಾವಣೆಯಲ್ಲಿ ಒಂದು ಕಂಪನಿ ೧೯೮೪ರಲ್ಲಿ ಎಂಜಿ-೧ ಎಂಬ ವರ್ಕ್‌ಸ್ಟೇಶನ್ ತಯಾರಿಸಿತು. ಬಡತನಕ್ಕೆ ಹೆಸರಾಗಿದ್ದ ಬಡಾವಣೆಯಲ್ಲಿ ಉದ್ಯೋಗ ಹುಟ್ಟಲೆಂದು ಲಂಡನ್ನಿನ ಸಾರ್ವಜನಿಕ ಹಣವೂ ಅದರಲ್ಲಿ ಸೇರಿತ್ತು. ಯಂತ್ರ ಅಗ್ಗದ್ದು, ಚೆನ್ನಾಗಿಯೂ ಇದ್ದಿತು. ಆದರೂ ೧೯೮೬ರಲ್ಲಿ ಕಂಪನಿ ಸಾಲಕ್ಕೆ ಸಿಕ್ಕಿತು. ಹೊಸ ಹೆಸರಿನಲ್ಲಿ ಎದ್ದು ೧೯೮೮ರಲ್ಲಿ ಪೂರ್ತಿಯಾಗಿ ಮುಚ್ಚಿತು.

ಇದಕ್ಕಿಂತ ವಿಚಿತ್ರವಾದುದು ಯುನಿಕ್ಸಿನ ತವರುಮನೆಯ ಸಂಗತಿ. ೧೯೮೪ರ ಹೊತ್ತಿಗೆ ಕಟ್ಟುಪಾಡು ಸಡಿಲಿ ಆ ಟೆಲಿಫೋನ್ ಕಂಪನಿಯೂ ವ್ಯಾಪಾರಕ್ಕಿಳಿಯಿತು. ಯುನಿಕ್ಸಿಗೆಂದೇ ತಾನು ರೂಪಿಸಿದ ಡಬ್ಲ್ಯೂಇ-೩೨೦೦೦ ಎಂಬ ಚಿಪ್ಪಿಟ್ಟು ೩ಬಿ೨ ಎಂಬ ಯಂತ್ರ ಮಾರಿತು. ಚಿಪ್ಪು ಅವರದೇ, ಯುನಿಕ್ಸೂ ಅವರದೇ. ಆದರೂ ಆ ಚಿಪ್ಪಿನ ಹೆಸರನ್ನು ಇಂದು ಹೇಳಬಲ್ಲವರು ವಿರಳ. ಐಬಿಎಂನಂಥ ಬಲಾಢ್ಯ ಕಂಪನಿಯೂ ೧೯೮೬ರಲ್ಲಿ ರೋಂಪ್ ಎಂಬ ಸ್ವಂತ ಚಿಪ್ಪಿನ ವರ್ಕ್‌ಸ್ಟೇಶನ್ ತಂದು ಹಿನ್ನಡೆ ಅನುಭವಿಸಿತು.

ಇವರೆಲ್ಲ ಸೋತದ್ದು ಏಕೆ? ಚಿಪ್ಪು ಮಾಡುವುದು ಅಚ್ಚಿನ ಕೆಲಸದ ಹಾಗೆ. ಮೊಳೆ ಜೋಡಿಸುವ ಖರ್ಚು ನೂರು ಪ್ರತಿಗೂ ಅಷ್ಟೇ, ಲಕ್ಷ ಪ್ರತಿಗೂ ಅಷ್ಟೇ. ಲಕ್ಷ ಮಾರುವವನು ಬೆಲೆ ಇಳಿಸಬಲ್ಲ. ನೂರು ಮಾರುವವನಿಗೆ ಅದು ಸಾಧ್ಯವಿಲ್ಲ. ಬೆಲೆ ಇಳಿದಲ್ಲಿ ಜನ ಸೇರುತ್ತಾರೆ, ಜನ ಸೇರಿದಲ್ಲಿ ಕ್ರಮವಿಧಿಗಳನ್ನು ಬರೆಯುವವರೂ ಸೇರುತ್ತಾರೆ. ಗುಣ ಇದ್ದ ಮಾತ್ರಕ್ಕೆ ಗೆಲುವಿಲ್ಲ. ಆದರೆ ಇಲ್ಲೊಂದು ಸೋಜಿಗವಿದೆ. ಈ ಸೋತ ಯಂತ್ರಗಳಿಗಾಗಿ ದುಡಿದವರ ಶ್ರಮವೆಲ್ಲ ನೀರಿನಲ್ಲಿ ಹೋಮವಾಗಲಿಲ್ಲ. ಹೊಸ ಚಿಪ್ಪಿಗೆ ಇಳಿಸುವಾಗಲೆಲ್ಲ ಯುನಿಕ್ಸಿನೊಳಗೆ ಒಂದೇ ಯಂತ್ರವನ್ನು ನೆಚ್ಚಿಕೊಂಡು ಬರೆದಿದ್ದ ಭಾಗಗಳು ಸಿಕ್ಕಿಬೀಳುತ್ತಿದ್ದವು, ಅವನ್ನು ತಿದ್ದುತ್ತಿದ್ದರು. ಪ್ರತಿಗಾರ ಪ್ರತಿ ಮಾಡುತ್ತ ಹಿಂದಿನ ತಪ್ಪು ತಿದ್ದಿದಂತೆ. ಹೀಗೆ ಹತ್ತು ಮನೆಯ ನೀರು ಕುಡಿದ ಯುನಿಕ್ಸು ಯಾವ ಮನೆಯಲ್ಲಿಯೂ ಬಾಳಬಲ್ಲುದಾಯಿತು.

ಸೋತವರ ಸಾಲಿನಲ್ಲಿ ಇನ್ನೊಬ್ಬನಿದ್ದಾನೆ. ಇಂಗ್ಲೆಂಡಿನ ಕೇಂಬ್ರಿಜ್ ಊರಿನ ಏಕಾರ್ನ್ ಕಂಪನಿ ಶಾಲೆಗಳಿಗೆ ಗಣಕಯಂತ್ರ ಮಾಡುತ್ತಿತ್ತು. ಮುಂದಿನ ಯಂತ್ರಕ್ಕಾಗಿ ಅವರು ಮಾರುಕಟ್ಟೆಯ ಚಿಪ್ಪುಗಳನ್ನೆಲ್ಲ ಪರೀಕ್ಷಿಸಿದರು; ೩೨೦೧೬ನ್ನು ಇಟ್ಟು ಒಂದು ವರ್ಕ್‌ಸ್ಟೇಶನ್ನನ್ನೂ ಮಾಡಿ ನೋಡಿದರು. ಯಾವುದೂ ಮನಸ್ಸಿಗೆ ಬರಲಿಲ್ಲ. ಕಡೆಗೆ ಸೋಫಿ ವಿಲ್ಸನ್, ಸ್ಟೀವ್ ಫರ್ಬರ್ ಎಂಬ ಇಬ್ಬರು ತಾವೇ ಚಿಪ್ಪು ರಚಿಸಲು ಕುಳಿತರು. ಹಣ ಕಡಿಮೆ, ಜನ ಕಡಿಮೆ; ಆದುದರಿಂದ ಚಿಪ್ಪೂ ಸರಳವಾಗಿರಲೇಬೇಕಾಯಿತು. ೧೯೮೫ರ ಏಪ್ರಿಲ್ ೨೬ರಂದು ಆ ಚಿಪ್ಪು ಮೊದಲ ಬಾರಿ ಕೆಲಸ ಮಾಡಿತು. ಅದರಲ್ಲಿದ್ದ ಟ್ರಾನ್ಸಿಸ್ಟರುಗಳು ಸುಮಾರು ೨೫ ಸಾವಿರ. ಎಷ್ಟು ವಿದ್ಯುತ್ತು ಕುಡಿಯುತ್ತದೆಂದು ಅಳೆಯಹೋದರೆ ಮೀಟರಿನ ಮುಳ್ಳು ಸೊನ್ನೆಯಲ್ಲಿಯೇ ನಿಂತಿತಂತೆ. ನೋಡಿದರೆ ಚಿಪ್ಪಿಗೆ ವಿದ್ಯುತ್ತಿನ ತಂತಿಯೇ ಸರಿಯಾಗಿ ಸೇರಿರಲಿಲ್ಲ; ಬೇರೆ ತಂತಿಗಳಿಂದ ಸೋರಿ ಬಂದ ಅಲ್ಪ ವಿದ್ಯುತ್ತಿನಿಂದಲೇ ಅದು ಓಡುತ್ತಿತ್ತು! ಅದೇ ಆರ್ಮ್.

೧೯೮೯ರಲ್ಲಿ ಏಕಾರ್ನಿನವರು ಆರ್-೧೪೦ ಎಂಬ ವರ್ಕ್‌ಸ್ಟೇಶನ್ನಿನಲ್ಲಿ ಈ ಚಿಪ್ಪಿನ ಮೇಲೆ ಯುನಿಕ್ಸನ್ನು ಕೂಡಿಸಿದರು. ಮಾರುಕಟ್ಟೆಯಲ್ಲಿ ಅದು ಹೆಸರು ಮಾಡಲಿಲ್ಲ. ಮರುವರ್ಷ ಚಿಪ್ಪಿನ ವಿಭಾಗ ಬೇರೆ ಕಂಪನಿಯಾಯಿತು. ೧೯೯೧ರಲ್ಲಿ ಫಿನ್‌ಲೆಂಡಿನ ವಿದ್ಯಾರ್ಥಿ ಲೀನುಸ್ ಟೊರ್ವಾಲ್ಡ್ಸ್ ಯುನಿಕ್ಸಿನ ಮಾದರಿಯಲ್ಲಿಯೇ, ಆದರೆ ಹೊಸದಾಗಿ ಬರೆದು, ಯಾರು ಬೇಕಾದರೂ ಬಳಸಲು ಬಿಟ್ಟ ‘ಲಿನಕ್ಸ್’ ಬಂದಿತು. ಕೆಲವೇ ವರ್ಷಗಳಲ್ಲಿ ಏಕಾರ್ನ್ ಯಂತ್ರಗಳ ಅಭಿಮಾನಿಗಳು ಅದನ್ನು ಆರ್ಮ್ ಚಿಪ್ಪಿಗೆ ಇಳಿಸಿದರು.

ಇನ್ನು ನಮ್ಮ ನಾಡಿಗೆ ಬರೋಣ. ೧೯೮೦ರ ದಶಕದಲ್ಲಿ ನಮ್ಮ ಬ್ಯಾಂಕುಗಳಿಗೆ ಗಣಕಯಂತ್ರ ತರಲು ಹೊರಟಾಗ ಯುನಿಕ್ಸನ್ನೇ ಆರಿಸಿಕೊಂಡರು. ಅದರಿಂದ ನಮ್ಮ ತರುಣರಿಗೆ ಅದರ ಪರಿಚಯವಾಯಿತು. ನಮ್ಮ ನೆರೆಯ ಕಿತ್ತೂರಿನಲ್ಲಿ ೧೯೮೬ರ ಜುಲೈ ತಿಂಗಳಲ್ಲಿ ಸಿ-ಡಾಟ್ ಸಂಸ್ಥೆಯ ಮೊದಲ ಗ್ರಾಮೀಣ ಟೆಲಿಫೋನ್ ಎಕ್ಸ್‌ಚೇಂಜು ಸ್ಥಾಪನೆಯಾದುದು ನಿಮಗೆ ನೆನಪಿರಬಹುದು. ಹಳ್ಳಿಯ ಧೂಳು, ಬಿಸಿಲುಗಳನ್ನು ತಡೆದು, ತಂಪುಯಂತ್ರದ ಹಂಗಿಲ್ಲದೆ ನಡೆಯುವಂತೆ ನಮ್ಮವರೇ ರಚಿಸಿದ ೧೨೮ ಸಂಪರ್ಕಗಳ ಎಕ್ಸ್‌ಚೇಂಜು ಅದು. ಚಿಪ್ಪು ಪರದೇಶದ್ದಾದರೂ ಅದರ ಸುತ್ತ ಕಟ್ಟುವ ಬುದ್ಧಿ ನಮ್ಮದೇ ಆಗಬಲ್ಲುದೆಂಬ ಧೈರ್ಯ ಅಲ್ಲಿ ಬಂದಿತು.

ಆ ಧೈರ್ಯದ ಮುಂದಿನ ಹೆಜ್ಜೆಯೇ ಸಿಂಪ್ಯೂಟರ್. ೧೯೯೮ರಲ್ಲಿ ಬೆಂಗಳೂರಿನಲ್ಲಿ ನಡೆದ ಒಂದು ಸಮ್ಮೇಳನದಲ್ಲಿ, ಅಕ್ಷರ ಬಾರದ ಬಡವನಿಗೂ ಉಪಯೋಗವಾಗುವ ಗಣಕಯಂತ್ರ ಏಕಿರಬಾರದು ಎಂಬ ಪ್ರಶ್ನೆ ಎದ್ದಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ, ಎನ್‌ಕೋರ್ ಎಂಬ ಬೆಂಗಳೂರಿನ ಕಂಪನಿಯ ವಿನಯ್ ದೇಶಪಾಂಡೆ ಮತ್ತು ಅವರ ಸಂಗಡಿಗರೂ ಕೂಡಿ ಉತ್ತರ ಹುಡುಕಿದರು. ೨೦೦೧ರ ಏಪ್ರಿಲ್‌ನಲ್ಲಿ ಮಾದರಿ ಯಂತ್ರ ಹೊರಬಂದಿತು. ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣದು. ತೆರೆಯನ್ನು ಕಡ್ಡಿಯಿಂದ ಮುಟ್ಟಿದರೆ ಸಾಕು, ಕೀಲಿಮಣೆ ಬೇಡ. ಟಾರ್ಚಿಗೆ ಹಾಕುವಂಥ ಸಣ್ಣ ಸೆಲ್ಲುಗಳಿಂದ ನಡೆಯುತ್ತಿತ್ತು. ಅದರ ಚಿಪ್ಪು ಆರ್ಮ್ ಮನೆತನದ ‘ಸ್ಟ್ರಾಂಗ್‌ಆರ್ಮ್’. ಅದರ ಮೇಲೆ ಹಿರಿತನ ಮಾಡುತ್ತಿದ್ದುದು ಲಿನಕ್ಸ್. ಇಂದು ನಿಮ್ಮ ಫೋನಿನಲ್ಲಿರುವ ಜೋಡಿ ಅದೇ! ಲಿನಕ್ಸನ್ನೂ ಆರ್ಮ್ ಚಿಪ್ಪನ್ನೂ ಕೂಡಿಸಿದ ಆಂಡ್ರಾಯ್ಡ್ ಫೋನು ಮಾರುಕಟ್ಟೆಗೆ ಬಂದುದು ೨೦೦೮ರಲ್ಲಿ, ಎಂದರೆ ಏಳು ವರ್ಷಗಳ ತರುವಾಯ.

ಸಿಂಪ್ಯೂಟರಿನಲ್ಲಿ ಎರಡು ವಿಶೇಷಗಳಿದ್ದವು. ಒಂದು, ಅದು ಮಾತನಾಡುತ್ತಿತ್ತು. ರಮೇಶ್ ಹರಿಹರನ್ನರ ಬಳಗದವರು ‘ಧ್ವನಿ’ ಎಂಬ ಕ್ರಮವಿಧಿಯನ್ನು ರಚಿಸಿದ್ದರು. ನಮ್ಮ ಲಿಪಿಯಲ್ಲಿ ಬರೆದಂತೆಯೇ ಓದುವುದಷ್ಟೆ? ಆದುದರಿಂದ ಅಕ್ಷರಗಳ ಉಚ್ಚಾರಣೆಯ ತುಣುಕುಗಳನ್ನು ಮೊದಲೇ ಮುದ್ರಿಸಿಟ್ಟುಕೊಂಡು, ಬರಹಕ್ಕೆ ತಕ್ಕಂತೆ ಅವನ್ನು ಪೋಣಿಸಿ ಓದಿ ಹೇಳುವ ಯುಕ್ತಿ ಅದು. ಪಂಪನು ಹತ್ತನೆಯ ಶತಮಾನದಲ್ಲಿ ತನ್ನ ಕಾವ್ಯಕ್ಕೆ ಪುಲಿಗೆರೆಯ, ಎಂದರೆ ನಮ್ಮ ಲಕ್ಷ್ಮೇಶ್ವರದ, ತಿರುಳುಗನ್ನಡವನ್ನು ಆರಿಸಿಕೊಂಡನು. ಆ ಕನ್ನಡ ಒಂದು ಅಂಗೈಯಗಲದ ಯಂತ್ರದಿಂದ, ಓದು ಬಾರದ ಮುದುಕಿಯ ಕಿವಿಗೆ, ಅವಳ ಮಗ ಪೇಟೆಯಿಂದ ಬರೆದ ಕಾಗದವನ್ನು ಓದಿ ಹೇಳಬೇಕೆಂಬುದು ಆ ಪ್ರಾಧ್ಯಾಪಕರ ಆಸೆ.

ಎರಡನೆಯ ವಿಶೇಷ ಇನ್ನೂ ದೊಡ್ಡದು. ಸುಮಾರು ಒಂಬತ್ತು ಸಾವಿರ ರೂಪಾಯಿಗೆ ಅದನ್ನು ಮಾರಬೇಕೆಂದು ಅವರ ಲೆಕ್ಕ. ಅಷ್ಟು ಹಣ ಬಡವನಲ್ಲಿ ಎಲ್ಲಿದೆ? ಆದುದರಿಂದ ಯಂತ್ರ ಊರಿಗೊಂದು ಇರಲಿ. ಪಂಚಾಯತಿಯೋ ಶಾಲೆಯೋ ಅಂಗಡಿಯವನೋ ಅದನ್ನು ಇಟ್ಟುಕೊಳ್ಳಲಿ. ಪ್ರತಿಯೊಬ್ಬನ ಹತ್ತಿರ ಒಂದು ಸಣ್ಣ ಕಾರ್ಡು ಮಾತ್ರ ಇರಲಿ ಎಂದರು. ಕಾರ್ಡು ತೂರಿಸಿದ ಗಳಿಗೆಯಿಂದ ಯಂತ್ರ ಅವನದು. ಅವನ ಲೆಕ್ಕ, ಅವನ ಕಾಗದಪತ್ರ ಅವನಿಗೇ. ಕಾರ್ಡು ತೆಗೆದರೆ ಮುಂದಿನವನದು. ಈ ವಿಚಾರ ನಮ್ಮ ಸೀಮೆಯವರಿಗೆ ಹೊಸದಲ್ಲ. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ ೧೯೦೫ರಲ್ಲಿ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು ಸಹಕಾರಿ ಸಂಘ ಕಟ್ಟಿದಾಗ ನೆಚ್ಚಿದ್ದು ಇದೇ ನ್ಯಾಯವನ್ನು: ಒಬ್ಬನಿಂದ ಆಗದ್ದು ಹತ್ತು ಜನ ಕೂಡಿದರೆ ಆಗುತ್ತದೆ, ಆದರೆ ಪ್ರತಿಯೊಬ್ಬನ ಲೆಕ್ಕ ಅವನವನ ಹೆಸರಿನಲ್ಲಿಯೇ ಇರುತ್ತದೆ.

೨೦೦೪ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯಿಂದ ‘ಅಮಿದ’ ಎಂಬ ಹೆಸರಿನ ಸಿಂಪ್ಯೂಟರ್ ಮಾರುಕಟ್ಟೆಗೆ ಬಂದಿತು. ಕೈಯಲ್ಲಿ ಹೊರಳಿಸಿದರೆ ತಿಳಿದುಕೊಳ್ಳುವ ಗುಣವೂ ಅದಕ್ಕಿತ್ತು. ಕರ್ನಾಟಕ ಸರಕಾರವು ಭೂದಾಖಲೆಯ ಕೆಲಸಕ್ಕೆ, ಛತ್ತೀಸಗಡದವರು ಶಾಲೆಗಳಿಗೆ ಅದನ್ನು ಪ್ರಯೋಗಾರ್ಥವಾಗಿ ಬಳಸಿ ನೋಡಿದರು. ಅಷ್ಟೇ. ಹತ್ತಾರು ಸಾವಿರ ಮಾರಬಹುದೆಂಬ ನಿರೀಕ್ಷೆ ಇದ್ದಲ್ಲಿ ಮಾರಾಟವಾದುದು ಕೆಲವೇ ಸಾವಿರ. ಸರಕಾರಗಳಿಂದ ದೊಡ್ಡ ಬೇಡಿಕೆ ಬರಲಿಲ್ಲ. ಅಷ್ಟರಲ್ಲಿ ಮೊಬೈಲ್ ಫೋನುಗಳ ಬೆಲೆ ಇಳಿಯುತ್ತ ಬಂದಿತು. ವೈಟ್‌ಚಾಪೆಲ್ಲಿಗೆ ಬಂದ ಗತಿಯೇ ಸಿಂಪ್ಯೂಟರಿಗೂ ಬಂದಿತು.

ಹಾಗಾದರೆ ಸಿಂಪ್ಯೂಟರ್ ಸತ್ತಿತೇ? ಅದರ ಓಲೆ ಪುಡಿಯಾಯಿತು, ನಿಜ. ಆದರೆ ‘ಧ್ವನಿ’ಯನ್ನು ಎಲ್ಲರೂ ಬಳಸುವಂತೆ ಬಿಟ್ಟುಕೊಟ್ಟಿದ್ದರಿಂದ, ಯಂತ್ರ ಹೋದ ಮೇಲೆಯೂ ಬೇರೆ ಊರಿನ ಬೇರೆ ಭಾಷೆಯ ತರುಣರು ಅದನ್ನು ಎತ್ತಿಕೊಂಡರು. ಮಲೆಯಾಳ, ತಮಿಳು, ತೆಲುಗು, ಮರಾಠಿ ಮೊದಲಾದ ಹಲವು ಭಾಷೆಗಳನ್ನು ಅದಕ್ಕೆ ಕಲಿಸಿದರು. ಪ್ರತಿ ಮಾಡುವವರು ದೊರೆತರು, ಅದು ಉಳಿಯಿತು. ಊರಿಗೊಂದು ಯಂತ್ರ, ಕೈಗೊಂದು ಕಾರ್ಡು ಎಂಬ ವಿಚಾರವನ್ನು ಮಾತ್ರ ಯಾರೂ ಪ್ರತಿ ಮಾಡಿಕೊಳ್ಳಲಿಲ್ಲ. ಫೋನು ಅಗ್ಗವಾಯಿತು, ಒಬ್ಬೊಬ್ಬರಿಗೆ ಒಂದೊಂದು ಬಂದಿತು, ಇನ್ನು ಹಂಚಿಕೊಳ್ಳುವುದೇಕೆ ಎಂದು ಎಲ್ಲರೂ ಸುಮ್ಮನಾದರು.

ಆದರೆ ನಿಜವಾಗಿಯೂ ಎಲ್ಲರಿಗೂ ಬಂದಿತೇ? ಶಿರಹಟ್ಟಿಯ ಇಲ್ಲವೆ ಮುಂಡರಗಿಯ ತಾಲ್ಲೂಕು ಕಚೇರಿಯ ಮುಂದೆ ಒಂದು ಗಳಿಗೆ ನಿಂತು ನೋಡಿರಿ. ಪಹಣಿಯನ್ನು ಮನೆಯಲ್ಲಿ ಕುಳಿತೇ ಫೋನಿನಲ್ಲಿ ನೋಡಬಹುದಾದ ಈ ಕಾಲದಲ್ಲಿಯೂ, ತನ್ನ ಹೊಲದ ದಾಖಲೆಯನ್ನು ಇನ್ನೊಬ್ಬರಿಂದ ಓದಿಸಿಕೊಳ್ಳುವ ರೈತ ಅಲ್ಲಿ ನಿಮ್ಮ ಕಣ್ಣಿಗೆ ಬಿದ್ದಾನು. ಅವನು ತನ್ನ ಗುಟ್ಟಿನ ಅಂಕಿಗಳನ್ನು ಪರರ ಫೋನಿಗೆ ಒಪ್ಪಿಸಿ ನಿಂತಿರುತ್ತಾನೆ. ಸಿಂಪ್ಯೂಟರಿನ ಕಾರ್ಡು ಹುಟ್ಟಿದ್ದು ಅವನಿಗಾಗಿಯೇ: ಯಂತ್ರ ಪರರದಾದರೂ ಗುಟ್ಟು ತನ್ನದಾಗಿ ಉಳಿಯಲೆಂದು, ಅಕ್ಷರ ಬಾರದಿದ್ದರೂ ತನ್ನ ಭಾಷೆಯಲ್ಲಿ ಕಿವಿಯಾರೆ ಕೇಳಲೆಂದು.

ಇಷ್ಟನ್ನು ಇಲ್ಲಿ ಹೇಳಿದುದು ಹಳೆಯ ಯಂತ್ರದ ಮೇಲಿನ ಮೋಹದಿಂದಲ್ಲ. ಓನಿಕ್ಸ್ ಹೋಯಿತು, ವೈಟ್‌ಚ್ಯಾಪೆಲ್ ಹೋಯಿತು, ಏಕಾರ್ನಿನ ವರ್ಕ್‌ಸ್ಟೇಶನ್ ಹೋಯಿತು. ಅವು ಹೊತ್ತದ್ದನ್ನು ಯಾರೋ ಇಳಿಸಿಕೊಂಡದ್ದರಿಂದ ಅದು ನಮ್ಮ ಕಿಸೆಗೆ ಬಂದಿತು. ಸಿಂಪ್ಯೂಟರ್ ಹೊತ್ತಿದ್ದರಲ್ಲಿ ಅರ್ಧವನ್ನು ಇಳಿಸಿಕೊಂಡಾಗಿದೆ, ಇನ್ನರ್ಧ ಹಾಗೆಯೇ ಬಿದ್ದಿದೆ. ಅದನ್ನು ಇಳಿಸಿಕೊಳ್ಳಲು ಈಗ ಹೊಸ ಚಿಪ್ಪು ಬೇಕಾಗಿಲ್ಲ. ನಮ್ಮ ಊರ ಸಹಕಾರಿ ಸಂಘ, ನಮ್ಮ ವಾಚನಾಲಯ, ನಮ್ಮ ಕಾಲೇಜಿನ ಹುಡುಗ ಹುಡುಗಿಯರು ಮನಸ್ಸು ಮಾಡಿದರೆ ಸಾಕು. ನಿಮ್ಮ ಮನೆಯಲ್ಲಿ ಗಣಕಯಂತ್ರ ಕಲಿಯುವ ಮಗನೋ ಮಗಳೋ ಇದ್ದರೆ, ಇಂದು ರಾತ್ರಿ ಊಟಕ್ಕೆ ಕುಳಿತಾಗ ಈ ಸಂಗತಿಯನ್ನು ಅವರ ಕಿವಿಯ ಮೇಲೆ ಹಾಕಿರಿ. ಕುಮಾರವ್ಯಾಸನ ಊರಿನವರಿಗೆ ಪ್ರತಿ ಮಾಡಿಕೊಳ್ಳುವುದನ್ನು ಬೇರೆ ಯಾರೂ ಕಲಿಸಬೇಕಾಗಿಲ್ಲ.